ಫೇಲಾದ ಮಗುವಿನ ಪಕ್ಕ ನಿಲ್ಲೋಣ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸ್ವೀಟ್ ಬಾಕ್ಸ್ ಹಿಡಿದು ಬೀದಿಗೆ ಬರುವ ಮನೆಗಳ ಸುದ್ದಿ ಪತ್ರಿಕೆಯಲ್ಲೂ ಬರುತ್ತದೆ, ಕಾಲೇಜುಗಳ ಫ್ಲೆಕ್ಸಿನಲ್ಲೂ ಬರುತ್ತದೆ. ಹಗಲಲ್ಲೇ ಬಾಗಿಲು ಹಾಕಿಕೊಂಡ ಮನೆಗಳ ಸುದ್ದಿ ಎಲ್ಲೂ ಬರುವುದಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂವರಲ್ಲೊಬ್ಬರು ಪಾಸಾಗಲಿಲ್ಲ. ಅಂದರೆ ಲಕ್ಷಗಟ್ಟಲೆ ಮಕ್ಕಳು, ಹದಿನೈದು ಹದಿನಾರರ ವಯಸ್ಸಿನವರು. ನಾನು ಮಾತಾಡಬೇಕಿರುವುದು ಇವರ ಪರವಾಗಿ, ನಮ್ಮೆಲ್ಲರ ಮನಸ್ಸಾಕ್ಷಿಯ ಜೊತೆ.

ಆ ಬಾಗಿಲ ಹಿಂದೆ ಏನು ನಡೆಯುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಹುಡುಗಿ ಅಮ್ಮನ ಫೋನಿನಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಒತ್ತುತ್ತಾಳೆ. ಗಣಿತದಲ್ಲಿ ಫೇಲು, ಉಳಿದ ಐದರಲ್ಲೂ ಪಾಸು. ಸಂಜೆಯ ಹೊತ್ತಿಗೆ ಆ ಐದು ಯಾರ ಬಾಯಲ್ಲೂ ಇರುವುದಿಲ್ಲ. ದೊಡ್ಡಮ್ಮನ ಫೋನು ಬರುತ್ತದೆ, ‘ಏನಾಯ್ತೇ ರಿಸಲ್ಟು?’ ಅಮ್ಮ ದನಿ ತಗ್ಗಿಸಿ ಹಿತ್ತಲಿಗೆ ಹೋಗುತ್ತಾಳೆ. ಹಾಗೆ ತಗ್ಗಿದ ದನಿ ಒಳಗಿರುವ ಮಗಳಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತದೆ. ಅಪ್ಪ ಊಟ ಬಿಟ್ಟು ಏಳುತ್ತಾನೆ. ವಾರ ಕಳೆಯುವಷ್ಟರಲ್ಲಿ ಹುಡುಗನಾದರೆ ಗ್ಯಾರೇಜಿನ ಮಾತು, ಹುಡುಗಿಯಾದರೆ ಗಂಡು ನೋಡುವ ಮಾತು. ಹದಿನೆಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಒಂದು ಗಣಿತದ ಪತ್ರಿಕೆಯ ನೆಪದಲ್ಲಿ ಆ ಅಪರಾಧಕ್ಕೆ ಕೈಹಾಕಲು ನಮಗೆ ಹಕ್ಕು ಕೊಟ್ಟವರು ಯಾರು?

‘ಆತ್ಮವಿಶ್ವಾಸ ಬೆಳೆಸಿಕೋ’ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಅದು ಬರುವುದು ಎಲ್ಲಿಂದ? ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ಉತ್ತರ ಕೊಡುತ್ತದೆ. ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಗೆದ್ದದ್ದನ್ನು ಕಂಡದ್ದು, ತಾನು ನಂಬುವವರು ಆಡುವ ಮಾತು, ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಫಲಿತಾಂಶದ ಸಂಜೆ ನಾವು ಈ ನಾಲ್ಕನ್ನೂ ಒಂದೇ ಏಟಿಗೆ ಕಿತ್ತುಕೊಳ್ಳುತ್ತೇವೆ. ಪಾಸಾದ ಐದು ವಿಷಯ ಮರೆಯುತ್ತೇವೆ, ಪಕ್ಕದ ಮನೆಯ ಫಸ್ಟ್‌ಕ್ಲಾಸ್ ಹುಡುಗನನ್ನು ತೋರಿಸುತ್ತೇವೆ, ‘ಓದು ನಿನ್ನ ತಲೆಗೆ ಹತ್ತಲ್ಲ’ ಎನ್ನುತ್ತೇವೆ, ಅನ್ನ ನಿದ್ದೆ ಎರಡೂ ಕೆಡುವಂತೆ ಮಾಡುತ್ತೇವೆ. ಕಿತ್ತುಕೊಂಡವರು ನಾವು, ವಾಪಸು ಕೊಡಬೇಕಾದವರೂ ನಾವೇ.

ಕೊಡುವುದು ಕಷ್ಟವೂ ಅಲ್ಲ. ಪರೀಕ್ಷಾ ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಬಹುದು. ಅದನ್ನು ತರಿಸಿ, ಮಗುವಿನ ಜೊತೆ ನೆಲದ ಮೇಲೆ ಕೂತು ಪುಟ ತಿರುವಿ. ಎಲ್ಲಿ ಕೆಂಪು ಗೆರೆ ಬಿದ್ದಿದೆ ಎಂದು ನೋಡುವ ಮೊದಲು ಎಲ್ಲಿ ಅಂಕ ಬಂದಿದೆ ಎಂದು ನೋಡಿ. ಸಮೀಕರಣ ಬಿಡಿಸಲು ಬರುತ್ತದೆ, ನಕ್ಷೆ ಎಳೆಯುವಾಗ ಪ್ರಮಾಣ ತಪ್ಪಿದೆ. ಪ್ರಮೇಯದ ಚಿತ್ರ ಸರಿಯಿದೆ, ಸಾಧನೆ ಅರ್ಧಕ್ಕೆ ನಿಂತಿದೆ. ‘ನನಗೆ ಗಣಿತವೇ ಬರೋದಿಲ್ಲ’ ಎಂಬ ಬೆಟ್ಟದಂಥ ಭಯ ಆಗ ನಾಲ್ಕಾರು ಲೆಕ್ಕಗಳಿಗೆ ಇಳಿಯುತ್ತದೆ. ಅದರಲ್ಲಿ ಒಂದನ್ನು ಇವತ್ತೇ ಬಿಡಿಸಲಿ. ನಾಳೆ ಇನ್ನೊಂದು. ತನ್ನ ಕೈಯಾರೆ ಸರಿಯುತ್ತರ ತಂದ ಮಗುವಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ವ್ಯವಸ್ಥೆಯೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2024ರಲ್ಲಿ ಕರ್ನಾಟಕ ಪೂರಕ ಪರೀಕ್ಷೆಯ ಪದ್ಧತಿ ಕೈಬಿಟ್ಟು, ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮತ್ತೆ ಬರೆಯುವ ಅವಕಾಶ ಕೊಟ್ಟಿತು. ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಸರ್ಕಾರವೇ ಎರಡನೇ ಅವಕಾಶ ಕೊಟ್ಟಿರುವಾಗ ಹೆತ್ತವರಿಗೆ, ನೆಂಟರಿಗೆ ಕೊಡಲಾಗದೇ? 2025ರಲ್ಲಿ ಬಾಗಲಕೋಟೆಯ ತಂದೆತಾಯಿ, ಎಲ್ಲ ವಿಷಯಗಳಲ್ಲೂ ಫೇಲಾದ ಮಗನಿಂದ ಕೇಕ್ ಕತ್ತರಿಸಿ ಧೈರ್ಯ ತುಂಬಿದರು. ಕೆಲವರು ಹುಬ್ಬೇರಿಸಿದರು. ನನ್ನ ಕಣ್ಣಿಗೆ ಅವರು ಆ ವರ್ಷದ ಅತ್ಯಂತ ವಿವೇಕಿ ತಂದೆತಾಯಿ. ಫೇಲಾದದ್ದನ್ನು ಅವರು ಸಂಭ್ರಮಿಸಲಿಲ್ಲ. ಮಗ ಇನ್ನೂ ತಮ್ಮ ಮಗನೇ ಎಂದು ನಾಲ್ಕು ಜನರೆದುರು ಸಾರಿದರು.

ಮೇಷ್ಟ್ರೇ, ಮೇಡಂ, ನಿಮ್ಮ ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ ಕೆಳಗುಳಿದ ಮಕ್ಕಳ ಮನೆಗೆ ಒಮ್ಮೆ ಹೋಗಿ ಬನ್ನಿ. ಹಿಂದೊಮ್ಮೆ ಫೇಲಾಗಿ ಈಗ ಡಿಪ್ಲೊಮಾ ಓದುತ್ತಿರುವ, ಐಟಿಐ ಮುಗಿಸಿ ಸಂಬಳ ತರುತ್ತಿರುವ ಹಳೆಯ ವಿದ್ಯಾರ್ಥಿಯನ್ನು ಜೊತೆಗೆ ಕರೆದೊಯ್ಯಿರಿ. ನೆಂಟರೇ, ‘ಎಷ್ಟು ಬಂತು’ ಎಂಬ ಫೋನು ಮಾಡಲೇಬೇಡಿ. ಅಪ್ಪ ಅಮ್ಮಂದಿರೇ, ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಮಗು ಮಾತು ಬಿಟ್ಟರೆ, ಬದುಕೇ ಬೇಡವೆಂಬ ಮಾತು ಬಂದರೆ ಒಂದು ಗಳಿಗೆಯೂ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಗೂ, ನೀನು ಇದನ್ನು ಓದುತ್ತಿದ್ದರೆ ಕೇಳು. ನಿನಗೆ ನಾಚಿಕೆಯಾಗುತ್ತಿದೆ, ಸಹಪಾಠಿಗಳ ಮುಖ ನೋಡಲು ಸಂಕೋಚವಾಗುತ್ತಿದೆ. ಆಗಲಿ, ಅದಕ್ಕೆ ನಾಲ್ಕು ದಿನ ಕೊಡು. ಐದನೆಯ ದಿನ ನಿನಗೆ ಚೆನ್ನಾಗಿ ಬರುವ ಪಾಠದಿಂದಲೇ ಶುರುಮಾಡು, ಕಷ್ಟದ್ದಕ್ಕೆ ಆಮೇಲೆ ಬಾ. ಧೈರ್ಯ ಬಂದ ಮೇಲೆ ಪುಸ್ತಕ ತೆರೆಯುತ್ತೇನೆಂದು ಕಾಯಬೇಡ. ಪುಸ್ತಕ ತೆರೆದವರಿಗೇ ಧೈರ್ಯ ಬರುವುದು.

ಉಳಿದ ನಮ್ಮೆಲ್ಲರಿಗೂ ಒಂದೇ ಮಾತು. ನಮ್ಮ ಬೀದಿಯಲ್ಲಿ, ನಮ್ಮ ಬಂಧುಬಳಗದಲ್ಲಿ ಅಂಥದೊಂದು ಮಗು ಇದ್ದೇ ಇದೆ. ಹೆಸರು ನೆನಪಿಸಿಕೊಳ್ಳಿ, ಈ ವಾರವೇ ಹೋಗಿ. ಉಪದೇಶ ಬೇಡ, ‘ಮುಂದಿನ ಪರೀಕ್ಷೆಗೆ ಏನು ಬೇಕು, ಹೇಳು’ ಎಂದು ಕೇಳಿ. ಕೇಳಿದ್ದನ್ನು ಒದಗಿಸಿಕೊಡಿ.