ರಿಟ್ರೀಟ್‌ಗೆ ಜಾಗ ಹುಡುಕುವ ಮೊದಲು ಪಾಸ್‌ಪೋರ್ಟ್ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಆ ಪಟ್ಟಿಗೆ ಈಗ ಆಫೀಸ್ ರಿಟ್ರೀಟನ್ನೂ ಸೇರಿಸಬಹುದು. ಅದರಲ್ಲೂ ಆಫೀಸೇ ಇಲ್ಲದ ಆಫೀಸಿನ ರಿಟ್ರೀಟ್!

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆಗೆ ದುಡಿಯುವವರು ನಿಮ್ಮಲ್ಲೂ ಇರಬಹುದು. ಇಲ್ಲಿ ರಾತ್ರಿ ಎಂಟು ಅಂದ್ರೆ ನೈರೋಬಿಯಲ್ಲಿ ಸಂಜೆ ಐದೂವರೆ, ಮನಿಲಾದಲ್ಲಿ ರಾತ್ರಿ ಹತ್ತೂವರೆ. ಒಬ್ಬರು ಟೀ ಕುಡೀತಾ ಮೀಟಿಂಗ್‌ಗೆ ಬಂದರೆ ಇನ್ನೊಬ್ಬರು ಮಗು ಮಲಗಿಸಿ ಬರ್ತಾರೆ. ಇಂಥ ತಂಡವನ್ನು ಒಂದೆಡೆ ಸೇರಿಸುವ ಕೆಲಸ ಈ ಸಲ ನಿಮ್ಮ ಹೆಗಲಿಗೆ ಬಿದ್ದಿದೆ ಅಂದುಕೊಳ್ಳಿ.

ಸಾಮಾನ್ಯವಾಗಿ ನಾವು ಮೊದಲು ಹುಡುಕೋದು ಚೆಂದದ ಜಾಗ. ಅದು ಆಮೇಲಿರಲಿ. ಯಾರ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟ್ ಇದೆ ಅಂತ ಮೊದಲು ಪಟ್ಟಿ ಮಾಡಿ. ವೀಸಾ ಸಿಗೋದು ಯಾರಿಗೆ ಅತಿ ಕಷ್ಟವೋ, ಅವರಿಗೆ ಅನುಕೂಲವಾದ ಊರನ್ನೇ ಆರಿಸಿ.

ಲಿಸ್ಬನ್‌ನಲ್ಲಿ ಸೇರೋಣ ಅಂತ ತೀರ್ಮಾನ ಆಯ್ತು ಅನ್ನಿ. ಅಮೆರಿಕದ ಸಹೋದ್ಯೋಗಿ ಟಿಕೆಟ್ ತಗೊಂಡು ಹೊರಟೇಬಿಡಬಹುದು. ನಮಗೆ, ನೈಜೀರಿಯಾದವರಿಗೆ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೋ. ಅರ್ಜಿ ತಿರಸ್ಕಾರವಾದರೂ ವಾಪಸ್ ಬರಲ್ಲ. 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕೊಡಬೇಕು. ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಬರುತ್ತೆ, ಕೆಲವೊಮ್ಮೆ 45 ದಿನಕ್ಕೂ ಎಳೆಯುತ್ತೆ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶ ಇದೆ, ಬಳಸಿಕೊಳ್ಳಿ.

ವೀಸಾ ಸಿಗದವರು ವಿಡಿಯೊದಲ್ಲಿ ಸೇರಲಿ ಬಿಡಿ ಅನ್ನೋದು ಸುಲಭ. ಆದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವಾಗ ಒಬ್ಬರನ್ನು ಕಿಟಕಿಯಾಚೆ ನಿಲ್ಲಿಸಿದ ಹಾಗೆ ಅದು. ಎಷ್ಟೋ ಸಲ ಹಾಗೆ ಹೊರಗುಳಿಯುವವರೇ ಹಳ್ಳಿ, ಶಿಬಿರಗಳಲ್ಲಿ ಜನರ ಜೊತೆ ನೇರ ಕೆಲಸ ಮಾಡುವವರು. ಸಮಾನತೆಯ ಮಾತಾಡುವ ಸಂಸ್ಥೆಗೆ ಇದು ಒಪ್ಪುತ್ತಾ?

ನೈರೋಬಿ ಒಳ್ಳೆಯ ಆಯ್ಕೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿ ಇರುವ ಊರದು, ಸಭೆಗಳಿಗೆ ಒಗ್ಗಿಕೊಂಡಿದೆ. 2024ರ ಜನವರಿಯಿಂದ ಕೀನ್ಯಾ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ನಮ್ಮವರು ಮರೆಯಬಾರದ ಒಂದು ವಿಷಯ: ಅಲ್ಲಿಂದ ಭಾರತಕ್ಕೆ ವಾಪಸಾಗುವಾಗ ಹಳದಿ ಜ್ವರದ ಲಸಿಕೆ ಪತ್ರ ಕೇಳ್ತಾರೆ. ಹೊರಡುವ 10 ದಿನ ಮೊದಲಾದರೂ ಲಸಿಕೆ ಹಾಕಿಸಿಕೊಂಡಿರಬೇಕು. ಇಲ್ಲ, ಎಲ್ಲರನ್ನೂ ಕೊಡಗಿಗೇ ಕರೆಯೋಣ ಅಂತೀರಾ? ಯಾವ ಬಗೆಯ ವೀಸಾ ಬೇಕು ಅಂತ ಮೊದಲೇ ವಿಚಾರಿಸಿ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಹೋಂಸ್ಟೇಯವರು ಅವರ ವಿವರ ಸಲ್ಲಿಸಲೇಬೇಕು. ಅವರಿಗೆ ಅದು ಗೊತ್ತಿದೆಯಾ ಅಂತಲೂ ಕೇಳಿ.

ಇನ್ನು ದುಡ್ಡಿನ ಮಾತು. ‘ಈಗ ನೀವೇ ಟಿಕೆಟ್ ಮಾಡಿಸಿ, ಆಮೇಲೆ ಬಿಲ್ ಕೊಡಿ’ ಅನ್ನಬೇಡಿ. ಬಾಡಿಗೆ, ಇಎಂಐ ಕಟ್ಟಿ ತಿಂಗಳ ಕೊನೆ ಎಣಿಸುವವರಿಗೆ ವಿಮಾನದ ಟಿಕೆಟ್ ದೊಡ್ಡ ಮೊತ್ತ. ಸಂಸ್ಥೆಯೇ ಮುಂಗಡ ಕಟ್ಟಲಿ.

2025ರಲ್ಲಿ ಅಮೆರಿಕದ ಯುಎಸ್‌ಏಡ್ ಬಾಗಿಲು ಮುಚ್ಚಿದ ಮೇಲೆ ಈ ಕ್ಷೇತ್ರದಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು. ಇಂಥ ಹೊತ್ತಲ್ಲಿ ರಿಟ್ರೀಟ್ ಬೇಕಾ ಅಂತ ಕೇಳುವವರ ಮಾತಲ್ಲೂ ನ್ಯಾಯ ಇದೆ. ಐಷಾರಾಮಿ ರೆಸಾರ್ಟ್ ಖಂಡಿತ ಬೇಡ. ಆದರೆ ‘ಮುಂದಿನ ವರ್ಷ ನನ್ನ ಕೆಲಸ ಇರುತ್ತಾ?’ ಅನ್ನೋ ಪ್ರಶ್ನೆಯನ್ನು ಮ್ಯೂಟ್ ತೆಗೆದು ಕೇಳೋದು ಕಷ್ಟ. ಎದುರು ಕೂತಾಗ ಕೇಳಬಹುದು. ಹಾಗಾಗಿ ಪಿಪಿಟಿಗಳನ್ನು ಮೊದಲೇ ಮೇಲ್ ಮಾಡಿಬಿಡಿ. ಸೇರಿದಾಗ ಭಿನ್ನಾಭಿಪ್ರಾಯ, ಬಜೆಟ್, ಭಯ ಇವುಗಳನ್ನೇ ಮಾತಾಡಿ.

ಬಂದ ಮೊದಲ ದಿನ ಎಲ್ಲರೂ ನಿದ್ದೆ ಮಾಡಲಿ. ದಿನಾಂಕ ಇಡುವ ಮುಂಚೆ ರಂಜಾನ್, ದೀಪಾವಳಿ, ಕ್ರಿಸ್‌ಮಸ್ ನೋಡಿಕೊಳ್ಳಿ. ಸಸ್ಯಾಹಾರ, ಹಲಾಲ್ ಎರಡೂ ಇರಲಿ. ಬಲವಂತದ ಆಟ ಬೇಡ. ಕೊನೆಯ ಅರ್ಧ ದಿನ ಮಾತ್ರ ಕಟ್ಟುನಿಟ್ಟು: ಯಾರು, ಏನು, ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡೇ ಏಳಿ. ಊರಿಗೆ ಮರಳಿದ ಮೇಲಿನ ಮೊದಲ ಮೀಟಿಂಗ್‌ನಲ್ಲಿ ಆ ಹಾಳೆಯನ್ನೇ ತೆರೆಯಿರಿ.