ಮುಚ್ಚಿರಬೇಕು, ಬಿಚ್ಚಲೂ ಬರಬೇಕು

ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ಸಾಕು, ನಮ್ಮ ಬೀದಿಯಲ್ಲಿ ಒಂದೊಂದೇ ಮನೆಯ ಟೀವಿ ಮುನಿಸಿಕೊಳ್ಳುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆದು, ಕೊನೆಗೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ. ತಾರಸಿಯ ಮೇಲಿನ ಡಿಶ್ ಸರಿಯಾಗಿರುತ್ತದೆ, ಒಳಗಿನ ಪೆಟ್ಟಿಗೆಯೂ ಸರಿಯೇ. ಎಷ್ಟೋ ಸಲ ಕೆಟ್ಟಿರುವುದು ಕೇಬಲ್ ಬಂದು ಸೇರುವ ಒಂದಂಗುಲದ ಜಾಗ. ಅಲ್ಲಿ ನೀರು ಹೊಕ್ಕಿರುತ್ತದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಎಂಜಿನಿಯರ್ ಅಲ್ಲ. ಆದರೆ ಬೀಗ, ಅರಗಿನ ಮುದ್ರೆಗಳ ನಡುವೆ ಕೆಲಸ ಮಾಡಿದವನಿಗೆ ಒಂದು ವಿಷಯ ಗೊತ್ತಿರುತ್ತದೆ. ಲಾಕರ್ ಎಷ್ಟು ಭದ್ರವಾಗಿ ಮುಚ್ಚುತ್ತದೋ, ಎರಡು ಕೀಲಿ ಕೂಡಿದಾಗ ಅಷ್ಟೇ ಸಲೀಸಾಗಿ ತೆರೆಯಬೇಕು. ತಂತಿಯ ಜೋಡಣೆಗೂ ಕೊಳವೆಯ ಜೋಡಣೆಗೂ ಇದೇ ಮಾತು.

ಮಕ್ಕಳೇ, ನೀರು ಜೋಡಣೆಯನ್ನೇ ಏಕೆ ಹುಡುಕಿಕೊಂಡು ಬರುತ್ತದೆ ಗೊತ್ತೇ? ಕೇಬಲ್ಲಿನ ಮೈತುಂಬ ಪ್ಲಾಸ್ಟಿಕ್ ಚರ್ಮವಿದೆ. ಅದನ್ನು ಸುಲಿದಿರುವುದು ಜೋಡಣೆಯಲ್ಲಿ ಮಾತ್ರ. ಡಿಶ್ ಕೇಬಲ್ಲಿನ ಒಳಗೆ ಸಣ್ಣ ತಂತಿಗಳ ಹೆಣಿಗೆಯಿರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಆ ಹೆಣಿಗೆಯಲ್ಲಿ ನೀರು ಹರಿದು ದೂರ ಹೋಗುತ್ತದೆ. ಪೂಜೆಯ ಪಾತ್ರೆಗೆ ಹಿಡಿಯುವ ಹಸಿರು ಕಿಲುಬು ನೋಡಿದ್ದೀರಲ್ಲ? ತಾಮ್ರದ ತಂತಿಗೂ ಅದೇ ಹಿಡಿಯುತ್ತದೆ.

ಇದನ್ನು ತಡೆಯಲು ಬಲ್ಲವರು ಮೂರು ಪದರ ಸುತ್ತುತ್ತಾರೆ. ಮೊದಲನೆಯದು ಸಾಧಾರಣ ಇನ್ಸುಲೇಷನ್ ಟೇಪು. ಅದರ ಮೇಲೆ ರಬ್ಬರ್ ಟೇಪು. ಇದಕ್ಕೆ ಅಂಟಿಲ್ಲ; ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಂಡು ಒಂದೇ ಮುದ್ದೆಯಾಗುತ್ತದೆ. ಬಿಸಿಲಿಗೆ ರಬ್ಬರ್ ಹಾಳಾಗದಿರಲಿ ಎಂದು ಮೇಲೆ ಮತ್ತೆ ಇನ್ಸುಲೇಷನ್ ಟೇಪು. ಮೊದಲ ಪದರ ಏಕೆ ಬೇಕು ಎನ್ನುತ್ತೀರಾ? ಅದು ಮುಂದೆಂದೋ ಬಿಚ್ಚಲು ಬರುವವನಿಗಾಗಿ. ಅದಿಲ್ಲದಿದ್ದರೆ ರಬ್ಬರು ತಿರುಪಿನ ಸಂದಿಗಳಿಗೆ ಕಚ್ಚಿಕೊಳ್ಳುತ್ತದೆ. ಅದಿದ್ದರೆ ಚಾಕುವಿನಿಂದ ಉದ್ದಕ್ಕೆ ಮೆಲ್ಲಗೆ ಸೀಳಿದಾಗ ಕಡಲೆಕಾಯಿ ಸಿಪ್ಪೆಯಂತೆ ಬಿಟ್ಟುಬರುತ್ತದೆ, ಒಳಗಿನ ಲೋಹ ಹೊಳೆಯುತ್ತಿರುತ್ತದೆ.

ಸುತ್ತುವುದರಲ್ಲೂ ಕ್ರಮವಿದೆ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಹೆಂಚಿನ ಮನೆಯಲ್ಲಿ ಬೆಳೆದ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಬೇಕಾಗಿಲ್ಲ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂತರೆ ನೀರು ಜಾರಿಹೋಗುತ್ತದೆ, ತಿರುಗುಮುರುಗಾದರೆ ಒಳಗೆ ಸುರಿಯುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತುಬೀಳುವಂತೆ ಬಿಡಬೇಕು. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ಕೇಬಲ್ಲಿನ ಮೇಲೆ ಹರಿದು ಬಂದ ಹನಿ ಆ ಜೋತಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯತ್ತ ಹತ್ತುವುದಿಲ್ಲ.

ಈ ವಿದ್ಯೆಯಲ್ಲಿ ದೊಡ್ಡ ಸಾಹಸ ನಡೆದದ್ದು ಅಟ್ಲಾಂಟಿಕ್ ಸಾಗರದಲ್ಲಿ. ಅಂದಿನ ಟೆಲಿಗ್ರಾಫ್ ತಂತಿಗೆ ಗಟ್ಟಾ ಪರ್ಚಾ ಎಂಬ ಹೊದಿಕೆ ಹಾಕುತ್ತಿದ್ದರು. ಅದು ಮಲಯ ಸೀಮೆಯ ಒಂದು ಮರದ ಹಾಲು. ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ, ತಣ್ಣಗಾದರೆ ಬಿಗಿಯುತ್ತದೆ. 1865ರಲ್ಲಿ ‘ಗ್ರೇಟ್ ಈಸ್ಟರ್ನ್’ ಎಂಬ ಹಡಗು ಐರ್ಲೆಂಡಿನಿಂದ ಅಮೆರಿಕದ ಕಡೆಗೆ ತಂತಿ ಹಾಸುತ್ತ ಹೋಗುವಾಗ, ಅದು ನಡುಗಡಲಿನಲ್ಲಿ ತುಂಡಾಗಿ ಮುಳುಗಿತು. 1866ರಲ್ಲಿ ಹೊಸ ತಂತಿ ಹಾಸಿ ಗೆದ್ದರು. ಅಷ್ಟಕ್ಕೇ ಬಿಡಲಿಲ್ಲ. ಹಿಂದಿರುಗಿ ಹೋಗಿ, ಸುಮಾರು 4 ಕಿಲೋಮೀಟರ್ ಆಳಕ್ಕೆ ಕೊಕ್ಕೆ ಇಳಿಬಿಟ್ಟು ಹಳೆಯ ತಂತಿಯನ್ನು ಮೇಲೆತ್ತಿದರು. ಒಂದು ವರ್ಷ ಸಮುದ್ರದ ತಳದಲ್ಲಿ ಮಲಗಿದ್ದ ತಂತಿಯಿಂದ ಐರ್ಲೆಂಡಿಗೆ ಸಂದೇಶ ಹೋಯಿತು, ಉತ್ತರವೂ ಬಂತು! ಅದಕ್ಕೆ ಹೊಸ ತುಂಡು ಜೋಡಿಸಿ, ಹೊದಿಸಿ, ದಡ ಮುಟ್ಟಿಸಿದರು.

ಇನ್ನು ಕೊಳವೆಯ ವಿಚಾರ. ಪಿವಿಸಿ ಕೊಳವೆಗೆ ಹಚ್ಚುವ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಆಮೇಲೆ ಗರಗಸವೇ ಗತಿ. ಆದ್ದರಿಂದ ನೀರಿನ ಮೋಟಾರಿನ ಪಕ್ಕದಲ್ಲಿ ‘ಯೂನಿಯನ್’ ಹಾಕಿಸಬೇಕು. ನಡುವಿನ ದಪ್ಪ ಬಳೆಯನ್ನು ತಿರುಗಿಸಿದರೆ ಕೊಳವೆ ಎರಡಾಗುತ್ತದೆ, ಮೋಟಾರು ರಿಪೇರಿಗೆ ಹೊರಡುತ್ತದೆ. ಅದರೊಳಗೆ ನೀರು ತಡೆಯುವುದು ರಬ್ಬರ್ ಉಂಗುರ. ಅದು ಸವೆದರೆ ಅಂಗಡಿಯಿಂದ ಬೇರೆ ತಂದು ಹಾಕಿದರಾಯಿತು.

ನಲ್ಲಿಯ ಮರೆಗೆ ಹಿಂದೆ ಸಣಬಿನ ನಾರು ಸುತ್ತಿ ಬಣ್ಣ ಬಳಿಯುತ್ತಿದ್ದರು. ಈಗ ಬಿಳಿ ಟೆಫ್ಲಾನ್ ಟೇಪು ಬಂದಿದೆ. ಟೆಫ್ಲಾನ್ ವಸ್ತುವನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಕಂಡುಹಿಡಿದರು, ಅದೂ ಬೇರೇನೋ ಹುಡುಕುವಾಗ ಆಕಸ್ಮಿಕವಾಗಿ. ಅದು ಯಾವುದಕ್ಕೂ ಕಚ್ಚಿಕೊಳ್ಳುವುದಿಲ್ಲ. ಮರೆಯ ಸಂದಿ ತುಂಬಿ ನೀರು ತಡೆಯುತ್ತದೆ, ತಿರುಗಿಸಿದರೆ ಬಿಟ್ಟುಕೊಡುತ್ತದೆ. ಕೊಳವೆಯ ತುದಿಯನ್ನು ನಿಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಸುತ್ತಿ. ಅಡ್ಡ ದಿಕ್ಕಿಗೆ ಸುತ್ತಿದರೆ ಬಿಗಿ ಮಾಡುವಾಗಲೇ ಟೇಪು ಬಿಚ್ಚಿಕೊಂಡು ಬರುತ್ತದೆ.

ಹಾಗೆಂದು ಎಲ್ಲವನ್ನೂ ಉಸಿರಾಡದಂತೆ ಮುಚ್ಚಬಾರದು. ಬಿಸಿ ಇಡ್ಲಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರುತ್ತದೆ. ಹೊರಗೋಡೆಯ ವೈರಿನ ಡಬ್ಬಿಯೂ ಹಾಗೆಯೇ. ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ, ಒಳಗಿನ ತೇವ ಹನಿಯಾಗುತ್ತದೆ. ಅದಕ್ಕೇ ಇಂಥ ಹಲವು ಡಬ್ಬಿಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಕೊಟ್ಟಿರುತ್ತಾರೆ. ತಪ್ಪು ಜಾಗದಲ್ಲಿದೆಯೆಂದು ಅದಕ್ಕೆ ಮೇಣ ಮೆತ್ತಬೇಡಿ.

ಈಗ ಒಂದು ಖಡಾಖಂಡಿತವಾದ ಮಾತು. ಟೀವಿ ಕೆಟ್ಟರೆ ಒಂದು ಸಂಜೆ ಹೋಗುತ್ತದೆ ಅಷ್ಟೆ. ಅಂಗಳದಲ್ಲಿ ಎಳೆದ ಮೋಟಾರಿನ ವೈರು, ಹಬ್ಬದ ದೀಪದ ಸರ ಇವುಗಳಲ್ಲಿ ಹರಿಯುವುದು 230 ವೋಲ್ಟ್. ಒದ್ದೆ ನೆಲ, ಬರಿಗಾಲು, ಬಿಚ್ಚಿದ ಜೋಡಣೆ ಮೂರೂ ಸೇರಿದರೆ ಜೀವವೇ ಹೋಗುತ್ತದೆ. ಆ ಜೋಡಣೆ ಬಿಗಿಯುವುದು, ಬಿಚ್ಚುವುದು ಮೇನ್ ಸ್ವಿಚ್ ಆರಿಸಿದ ಮೇಲೆ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಮೊಮ್ಮಕ್ಕಳಿಗೂ ಬೇಡ, ಅಜ್ಜಂದಿರಿಗೂ ಬೇಡ. ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಆರ್‌ಸಿಸಿಬಿ ಮನೆಯಲ್ಲಿದ್ದರೆ, ಅದರ ‘ಟೆಸ್ಟ್’ ಗುಂಡಿಯನ್ನು ದೊಡ್ಡವರು ಆಗಾಗ ಒತ್ತಿ ನೋಡಲಿ. ಇಲ್ಲದಿದ್ದರೆ, ಈ ಮಳೆಗಾಲಕ್ಕೆ ಮೊದಲು ಅದೊಂದನ್ನು ಹಾಕಿಸಿ.

ಮಕ್ಕಳೇ, ನಿಮಗೂ ಕೆಲಸವಿದೆ. ಬರುವ ಭಾನುವಾರ ಅಜ್ಜನೋ ಅಜ್ಜಿಯೋ ಜೊತೆಗೂಡಿ ಮನೆಯ ಸುತ್ತ ಒಂದು ಸುತ್ತು ಬನ್ನಿ. ಏನನ್ನೂ ಮುಟ್ಟದೆ, ತೇವ ಕಂಡ ಜೋಡಣೆ ಎಷ್ಟು, ಬಿಚ್ಚಲು ಕೈ ಹೋಗದ ಜೋಡಣೆ ಎಷ್ಟು ಎಂದು ಎರಡು ಕಾಲಂ ಮಾಡಿ ಬರೆಯಿರಿ. ಕೆಳಗೆ ತಾರೀಖು ಹಾಕಿ ಅಪ್ಪ ಅಮ್ಮನ ಕೈಗೆ ಕೊಡಿ. ತಾರೀಖಿಲ್ಲದ ಲೆಕ್ಕ ಬ್ಯಾಂಕಿನಲ್ಲೂ ನಡೆಯುವುದಿಲ್ಲ!