ಹೆಕ್ಟರನ ಬೀಳ್ಕೊಡುಗೆಯೂ ಹೊನ್ನಾಳಿ ಸೀಮೆಯ ವೀರಗಲ್ಲುಗಳೂ

ಹೋಮರನ ‘ಇಲಿಯಡ್’ ಮಹಾಕಾವ್ಯದ ಆರನೆಯ ಭಾಗದಲ್ಲಿ ಟ್ರಾಯ್ ನಗರದ ವೀರ ಹೆಕ್ಟರ್ ರಣರಂಗಕ್ಕೆ ಮರಳುವ ಮುನ್ನ ಕೋಟೆಯ ಬಾಗಿಲ ಬಳಿ ಮಡದಿ ಆಂಡ್ರೊಮಕಿಯನ್ನೂ ಹಸುಗೂಸನ್ನೂ ಕಾಣುತ್ತಾನೆ. ತಂದೆಯ ಶಿರಸ್ತ್ರಾಣದ ಕುದುರೆಗೂದಲ ತುರಾಯಿಗೆ ಬೆದರಿ ಕೂಸು ಅಳುತ್ತದೆ. ಆತ ನಕ್ಕು, ಅದನ್ನು ತೆಗೆದು ನೆಲದ ಮೇಲಿರಿಸಿ ಮಗುವನ್ನೆತ್ತಿಕೊಳ್ಳುತ್ತಾನೆ. ಈ ಬೀಳ್ಕೊಡುಗೆಯನ್ನು 1768ರಲ್ಲಿ ಆಂಜೆಲಿಕಾ ಕೌಫ್‌ಮನ್, 1773ರಲ್ಲಿ ರಷ್ಯದ ಆಂಟನ್ ಲೊಸೆಂಕೊ ಚಿತ್ರಿಸಿದರು. ಲೊಸೆಂಕೊ ಅದೇ ವರ್ಷ ತೀರಿಕೊಂಡನಾಗಿ ಅವನ ಚಿತ್ರ ಅಪೂರ್ಣವಾಗಿಯೇ ಉಳಿಯಿತು.

ಇಂಥ ಚಿತ್ರಗಳ ಎದುರು ನಮ್ಮ ವೀರಗಲ್ಲುಗಳನ್ನಿಟ್ಟು, ಇಲ್ಲಿ ಕದನವಿದೆ, ಸ್ವರ್ಗವಿದೆ, ಸಂಸಾರವಿಲ್ಲ ಎನ್ನುವವರುಂಟು. ಈ ಮಾತು ಅರ್ಧ ಮಾತ್ರ ನಿಜ. ಸಿಂದರ ಒಂದು ಶಾಖೆ ಆಳಿದ ಬೆಳಗುತ್ತಿಯೂ ಸೇರಿದಂತೆ ಹೊನ್ನಾಳಿ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. (ಬೆಳಗುತ್ತಿ ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದೆ.) ವೀರಗಲ್ಲಿನ ಶಿಲ್ಪವಿನ್ಯಾಸ ನಾಡಿನ ಇತರೆಡೆಗಳಂತೆಯೇ: ಕೆಳಗೆ ಕಾಳಗ, ನಡುವೆ ಸುರಾಂಗನೆಯರು, ಮೇಲೆ ಲಿಂಗದ ಸನ್ನಿಧಿ, ಜೈನರದಾದರೆ ಜಿನಸನ್ನಿಧಿ. ಬೀಳ್ಕೊಡುಗೆಯ ಪಟ್ಟಿಕೆಗೆ ಅಲ್ಲಿ ಎಡೆಯಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ತರವಲ್ಲ. ಚಿತ್ರಕಾರನು ಸಾವಿನ ಮುಂಚಿನ ಗಳಿಗೆಯನ್ನು ಹಿಡಿಯುತ್ತಾನೆ. ಕಲ್ಲು ನೆಡುವವರು ಸಾವಿನ ನಂತರ ಉಳಿದವರು.

ಸಂಸಾರವಿರುವುದು ಪಟ್ಟಿಕೆಗಳ ನಡುವಿನ ಅಕ್ಷರಗಳಲ್ಲಿ. ವೀರನು ಸತ್ತ ಕಾರಣವನ್ನು ಶಾಸನಗಳು ತುರುಗೊಳ್, ಪೆಣ್ಬುಯ್ಯಲ್ ಎಂದು ಹೆಸರಿಸುತ್ತವೆ. ದನಗಳ ಅಪಹರಣ, ಹೆಣ್ಣಿನ ಮಾನಕ್ಕೊದಗಿದ ಗಂಡಾಂತರ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ತನ್ನ ಮರಣಾನಂತರ ಮಡದಿ ಯಾರದೋ ಮನೆಯಲ್ಲಿ ದಾಸಿಯಾಗಿ ನೀರು ಹೊರಬೇಕಾದೀತೆಂದು ಹೆಕ್ಟರ್ ಕೊರಗುತ್ತಾನೆ. ಆ ಭಯಕ್ಕೆ ನಮ್ಮ ಊರುಗಳು ಕೊಟ್ಟ ಉತ್ತರ ಈ ತುಂಡು ನೆಲ. ಎಲ್ಲರಿಗೂ ಅದು ದಕ್ಕಿತೆಂದಲ್ಲ. ಬಳೆ ತೊಟ್ಟ ತೋಳನ್ನಷ್ಟೇ ತೋರುವ ಮಹಾಸತಿಕಲ್ಲುಗಳು ಬೇರೆಯೇ ಕಥೆ ಹೇಳುತ್ತವೆ. ಅವುಗಳನ್ನು ಬರಿಯ ಪತಿಭಕ್ತಿಯ ಗುರುತೆಂದು ಓದುವುದು ನನಗೆ ಒಪ್ಪಿಗೆಯಿಲ್ಲ.

ಅಗಲಿಕೆಯ ದೃಶ್ಯವೇ ಬೇಕೆನ್ನುವವರು ಎರಡನ್ನು ನೋಡಬೇಕು. ಗಂಗದೊರೆ ನೀತಿಮಾರ್ಗನ ಮರಣವನ್ನು ತೋರುವ ಒಂಬತ್ತನೆಯ ಶತಮಾನದ ದೊಡ್ಡಹುಂಡಿ ಕಲ್ಲಿನಲ್ಲಿ ಮಂಚದ ಮೇಲಣ ಅರಸನ ಬಳಿ ಸೇವಕ ಅಗರಯ್ಯನೂ ಮಗ ಸತ್ಯವಾಕ್ಯನೂ ಇದ್ದಾರೆ. ಇನ್ನೊಂದು 1057ರ ಬೆಳತೂರು ಶಾಸನ. ಅಲ್ಲಿ ಮಡಿದವನು ರಣದಲ್ಲಿ ಸತ್ತವನಲ್ಲ, ಅರಸನಾಜ್ಞೆಯಿಂದ ಕೊಲ್ಲಲ್ಪಟ್ಟವನು. ಸುದ್ದಿ ಕೇಳಿ ಅಗ್ನಿಪ್ರವೇಶಕ್ಕೆ ಹೊರಟ ದೇಕಬ್ಬೆಯನ್ನು ತಂದೆತಾಯಿಗಳು ಬೇಡವೆಂದು ತಡೆಯುತ್ತಾರೆ. ಆಕೆ ಕೇಳುವುದಿಲ್ಲ, ದಾನಗಳನ್ನಿತ್ತು ಹೊರಡುತ್ತಾಳೆ. ಹೋಮರನಲ್ಲಿ ಹೋಗಬೇಡವೆನ್ನುವವಳು ಹೆಂಡತಿ. ಬೆಳತೂರಿನಲ್ಲಿ ಹೊರಟು ನಿಂತವಳೇ ಅವಳು, ಬೇಡುವವರು ಹೆತ್ತವರು.